ಡಾಕ್ಟರ ಹೆಂಡತಿಯ ಕಷಾಯ

ಉಷಾ ಅವರನ್ನು ನಾನು ಮೊದಲು ಕಂಡದ್ದು ಇಂಗ್ಲೆಂಡಿನ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿರುವ ಮಗಳ ಮನೆಗೆ ಬಂದ ನಾಲ್ಕನೆಯ ದಿನ. ಪಕ್ಕದ ಮನೆಯವರು. ಮಣ್ಣಿನ ಮಡಕೆ ಇದೆಯಾ ಎಂದು ಕೇಳಿಕೊಂಡು ಬಂದರು.

"ಕಷಾಯಕ್ಕೆ. ಸ್ಟೀಲಲ್ಲಿ ಕುದಿಸಬಾರದಂತೆ."

"ಏನಕ್ಕೆ ಕಷಾಯ?"

"ಕೆಮ್ಮಿಗೆ."

ಮೊಸರಿನ ಗಡಿಗೆ ಕೊಟ್ಟೆ. ಮೂರು ವಾರ ಕಳೆದರೂ ಆ ಮನೆಯಲ್ಲಿ ಯಾರೂ ಕೆಮ್ಮಿದ್ದು ಕೇಳಿಸಲಿಲ್ಲ. ಬೇಲಿ ದಾಟಿ ಬರುತ್ತಿದ್ದ ವಾಸನೆಯೂ ಶುಂಠಿ ಮೆಣಸಿನದಲ್ಲ.

ಅವರ ಗಂಡ ಹರಿಪ್ರಸಾದ ಮೂವತ್ತೊಂದು ವರ್ಷ ಇಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರು, ಆಗಿದ್ದವರು. ಈಗ ಮರೆವಿನ ರೋಗ. ಹೆಂಡತಿಯನ್ನು ನರ್ಸ್ ಎಂದುಕೊಂಡು 'ಸಿಸ್ಟರ್' ಎನ್ನುತ್ತಾರೆ. ಅಷ್ಟೂ ವರ್ಷ ಉಷಾ ಗಂಡನ ಕ್ಲಿನಿಕ್ಕಿನ ರಿಸೆಪ್ಷನ್‌ನಲ್ಲಿ ಕೂತು, ಬಂದವರು ಯಾವ ಮಾತ್ರೆ ನುಂಗುತ್ತಾರೆಂದು ಕೇಳಿ ಬರೆದುಕೊಳ್ಳುತ್ತಿದ್ದರು.

ಒಂದು ಮಂಗಳವಾರ, ಮರೆವಿಗೆ ಇನ್ನೂ ಬಲವಾದ ಬೇರು ಬೇಕೆಂದು, ನನ್ನನ್ನೂ ಕರೆದುಕೊಂಡು, ಗಂಡನೊಡನೆ ಬರ್ಮಿಂಗ್‌ಹ್ಯಾಮಿನ ಚೀನೀ ವೈದ್ಯನ ಅಂಗಡಿಗೆ ಹೋದರು. ಗೋಡೆ ತುಂಬ ಸಣ್ಣ ಡ್ರಾಯರ್‌ಗಳು. ಮೋಸಗಾರನೇ ಇರಬೇಕೆಂದು ಅವನ ಕೈಯನ್ನೇ ನೋಡುತ್ತ ಕೂತೆ. ಹರಿಪ್ರಸಾದರ ನಾಲಿಗೆ ನೋಡಿದ. ಎರಡೂ ಮಣಿಕಟ್ಟಿಗೆ ಮೂರು ಮೂರು ಬೆರಳಿಟ್ಟು ಬಹಳ ಹೊತ್ತು ನಾಡಿ ಹಿಡಿದ. ಆಮೇಲೆ ಏನೋ ಕೇಳಿದ. 'ಟ್ಯಾಬ್ಲೆಟ್' ಎಂದದ್ದು ನನಗೂ ತಿಳಿಯಿತು. ಉಷಾ, "ನೋ, ನಥಿಂಗ್" ಎಂದರು.

ಹೊರಗೆ ಬಂದು ಕೇಳಿದೆ, "ರಕ್ತ ತೆಳು ಮಾಡೋ ಮಾತ್ರೆ ದಿನಾ ನುಂಗ್ತಾರಲ್ಲ?"

"ಹೇಳಿದ್ರೆ ಅವನು ಬೇರು ಕೊಡಲ್ಲ, ಜಿಪಿಗೆ ಲೆಟರ್ ಹಾಕ್ತಾನೆ. ನಮ್ಮ ಜಿಪಿ ಯಾರು ಗೊತ್ತಾ? ಇವರ ಹತ್ರಾನೇ ಟ್ರೈನಿಂಗ್ ಮುಗಿಸಿದ ಉಲ್ಲಾಸ್. ಯುಗಾದಿ ಊಟಕ್ಕೆ ನಲವತ್ತು ಜನ ಕನ್ನಡ ಡಾಕ್ಟರು ಕೂತಿರ್ತಾರೆ. ಹೋಳಿಗೆ ಜೊತೆ ನನ್ನನ್ನೂ ನಂಚ್ಕೊಂಡು ತಿಂತಾರೆ ಅಷ್ಟೆ."

ನನ್ನ ಅನುಮಾನ ಅಂಗಡಿಯವನನ್ನು ಬಿಟ್ಟು ಇವರ ಕಡೆ ತಿರುಗಿತು. ಅಂಗಡಿಗೆ ಹೋಗಿ ಬಂದ ಹನ್ನೊಂದನೆಯ ದಿನ ಹರಿಪ್ರಸಾದರ ಎಡಗೈ ಮೇಲೆ ಒಂದು ನೇರಳೆ ಕಲೆ, ಬಲಗೈ ಮೇಲೆ ಎರಡು. ಬಿದ್ದಿಲ್ಲ ಎಂದರು ಉಷಾ. ಮರುದಿನ ಹರಿಪ್ರಸಾದರು ಕುಡಿದಿಟ್ಟ ಕಾಫಿ ಲೋಟದ ಅಂಚಿನಲ್ಲಿ ರಕ್ತ ಇತ್ತು. ಲೋಟ ಎತ್ತಿ ಉಷಾಗೆ ತೋರಿಸಿ, ಅಪೂರ್ವಾಗೆ ಹೇಳುತ್ತೇನೆ ಎಂದೆ.

ಅಪೂರ್ವಾ ನನ್ನ ಮಗಳು, ಆಸ್ಪತ್ರೆಯ ಫಾರ್ಮಸಿಯಲ್ಲಿದ್ದಾಳೆ. ಅವಳು ಬಂದು ಕೋಟು ಕಳಚುವ ಮೊದಲೇ ಹೇಳಿದೆ. ಆ ಸಂಜೆಯೇ ಹರಿಪ್ರಸಾದರನ್ನು ಆಸ್ಪತ್ರೆಗೆ ಸೇರಿಸಿದರು. ಮಾತ್ರೆಯ ಜೊತೆ ಬೇರೂ ಸೇರಿ ರಕ್ತ ತೀರಾ ತೆಳುವಾಗಿತ್ತಂತೆ. ಐದನೆಯ ದಿನ ನಡೆದುಕೊಂಡೇ ಮನೆಗೆ ಬಂದರು. ಉಷಾ ಈಗ ನನ್ನನ್ನು ಕಂಡರೆ ಕಿಟಕಿಯ ಪರದೆ ಎಳೆಯುತ್ತಾರೆ.

ಅಂದು ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು, ಸಿಂಕಿನಲ್ಲಿ ತೊಳೆಯುತ್ತ, ತಿರುಗಿ ನೋಡದೆ ಕೇಳಿದ್ದೇ ಕೊನೆಯ ಮಾತು:

"ನಿಮ್ಮ ಯಜಮಾನ್ರು ನಿಮ್ಮನ್ನ ಯಾರೋ ಅಂದ್ಕೊಂಡಿದ್ರೆ, ನೀವು ಬೇರು ಕುದಿಸ್ತಿರ್ಲಿಲ್ವಾ?"