ಅಟ್ಟದಮ್ಮನ ಕಿವಿ

ತಿಪಟೂರಿಗೆ ಬಂದ ಮರುದಿನ ಬೆಳಿಗ್ಗೆ ಎಚ್ಚರವಾದಾಗ ನನ್ನ ತಲೆಯ ಮೇಲೆ ಯಾರೋ ಗುಂಡುಕಲ್ಲು ಉರುಳಿಸುತ್ತಿದ್ದರು. ಹೊರಗೆ ಬಂದು ಏಣಿಯ ಬುಡದಿಂದ ಮೇಲೆ ನೋಡಿದೆ. ಅಟ್ಟದಲ್ಲಿ ಮನೆಯ ಯಜಮಾನಿ ಗಂಗಮ್ಮನವರು ಕುಕ್ಕುರುಗಾಲಲ್ಲಿ ಕೂತಿದ್ದರು. ಸಿಪ್ಪೆ ಸುಲಿಯದ ತೆಂಗಿನಕಾಯಿಯೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕಣ್ಣು ಮುಚ್ಚಿ ಏನನ್ನೋ ಕೇಳಿಸಿಕೊಂಡು, "ಇನ್ನೂ ಆಗಿಲ್ಲ ಕಣಪ್ಪ ನೀನು" ಎಂದು ಅದಕ್ಕೇ ಹೇಳಿ ಪಕ್ಕಕ್ಕೆ ಉರುಳಿಸಿದರು. ಆಮೇಲೆ ಇನ್ನೊಂದನ್ನು ಎತ್ತಿಕೊಂಡರು. ಇದ್ಯಾವ ಊರಿಗೆ ಬಂದು ಬಿದ್ದೆ ಮಾರಾಯ ಎಂದು ನಾನು ಅಲ್ಲೇ ನಿಂತುಬಿಟ್ಟೆ.

ಮಲ್ಪೆ ಕಡೆಯ ನಿಮಗೆ ತೆಂಗಿನಕಾಯಿಯ ಪಾಠ ಹೇಳುವುದೇ ಎಂದು ನಗಬೇಡಿ. ನಮ್ಮಲ್ಲಿ ಕಾಯಿ ಎಂದರೆ ಇವತ್ತು ಒಡೆದು ಇವತ್ತೇ ಅರೆಯುವ ವಸ್ತು. ಇಲ್ಲಿಯವರು ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಇಡೀ ಉಂಡೆಯಾಗಿ ಒಣಗುತ್ತದೆ. ಅದೇ ಉಂಡೆ ಕೊಬ್ಬರಿ. ಆಯಿತೋ ಇಲ್ಲವೋ ಎಂದು ಹೇಳುವುದು ಕಿವಿ. ಗುಳುಗುಳು ಎಂದರೆ ನೀರಿದೆ, ಲೊಡಲೊಡ ಎಂದರೆ ಕೊಬ್ಬರಿಯಾಗಿದೆ. ಯಾವ ಸದ್ದೂ ಇಲ್ಲದಿದ್ದರೆ ಕೊಳೆತಿದೆ ಎಂದು ಅರ್ಥ. ಇದಿಷ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಳೆದ ವರ್ಷ ನಾನು ಊರಿಗೆ ಬಂದಾಗ ನೀವು ನನಗೆ ಶಾಲು ಹೊದಿಸಿದಿರಿ. ತುರ್ತು ಪರಿಸ್ಥಿತಿಯಲ್ಲೂ ತಲೆಬಾಗದ ಚಿತ್ರಕಾರ ಎಂದು ಮೈಕಿನಲ್ಲಿ ಹೇಳಿದಿರಿ. ನಾನು ಆ ಶಾಲಿನೊಳಗೆ ಬೆವರುತ್ತ ಕೂತಿದ್ದೆ, ತುಟಿ ಬಿಚ್ಚಲಿಲ್ಲ. ಈಗ ನಿಮ್ಮ ಪತ್ರಿಕೆಯವರು ಪರಸ್ಥಳದ ಅನುಭವ ಬರೆದುಕೊಡಿ ಎಂದು ಕೇಳಿದ್ದಾರೆ. ಬರೆಯುತ್ತೇನೆ. ಓದಿದ ಮೇಲೆ ಶಾಲು ವಾಪಸ್ ಬೇಕೆನಿಸಿದರೆ ಒಂದು ಕಾರ್ಡು ಹಾಕಿ, ಮಡಚಿ ಕಳಿಸುತ್ತೇನೆ.

ನಾನು ಬಂದದ್ದು ಇಲ್ಲಿನ ನಾಲ್ಕು ಪುಟದ ದಿನಪತ್ರಿಕೆಯೊಂದಕ್ಕೆ ಚಿತ್ರ ಬರೆಯಲು. ಸಂಪಾದಕರು ರುದ್ರಪ್ಪನವರು. ಅಕ್ಷರ ಜೋಡಿಸುವವರನ್ನು ಬಿಟ್ಟರೆ ಉಳಿದ ಕೆಲಸವನ್ನೆಲ್ಲ ಅವರೊಬ್ಬರೇ ಮಾಡುತ್ತಿದ್ದರು. ಜೇಬಿನಲ್ಲಿ ಪೆನ್ನು ಇದ್ದವರನ್ನೆಲ್ಲ ಇಲ್ಲಿ ಮೇಷ್ಟ್ರು ಎನ್ನುತ್ತಾರೆ, ಹಾಗಾಗಿ ಒಂದು ದಿನವೂ ಪಾಠ ಮಾಡದ ನಾನು ಮೇಷ್ಟ್ರಾದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತ ನನ್ನ ಮಾತು ಇವರಿಗೆ ತಮಾಷೆ. "ನೀವು ಮಾತಾಡಿದ್ರೆ ಪುಸ್ತಕ ಓದ್ದಂಗೆ ಇರ್ತೈತೆ" ಎಂದು ಹೋಟೆಲಿನವನೂ ನಗುತ್ತಿದ್ದ. ಮೊದಲ ದಿನ ರಾಗಿ ಮುದ್ದೆಯನ್ನು ಅಗಿದೆ. ಗಂಗಮ್ಮನವರ ಸೊಸೆ ಗಿರಿಜಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು. ಮುದ್ದೆಯನ್ನು ನುಂಗಬೇಕು ಎಂದು ಯಾರೂ ನನಗೆ ಹೇಳಿರಲಿಲ್ಲ.

ಬಾಡಿಗೆಗೆ ಕೋಣೆ ಕೇಳಿದಲ್ಲೆಲ್ಲ ಒಂದೇ ಪ್ರಶ್ನೆ. ಗಂಡ ತೀರಿಕೊಂಡ ಮೇಲೆ ತೋಟ, ಮನೆ ಎರಡನ್ನೂ ತಾವೇ ನಡೆಸುತ್ತಿದ್ದ ಗಂಗಮ್ಮನವರೂ ಅದನ್ನೇ ಕೇಳಿದ್ದರು. "ಸಮುದ್ರದ ಕಡೆಯೋರಂತೆ. ಮೀನುಗೀನು ತಿಂತೀರೇನ್ರಪ್ಪ? ನಮ್ದು ಲಿಂಗ ಕಟ್ಟಿರೋ ಮನೆ."

"ಇಲ್ಲ ಅಮ್ಮ, ಮುಟ್ಟುವುದೂ ಇಲ್ಲ" ಎಂದೆ. ದೋಣಿಯವರ ಮನೆಯಲ್ಲಿ ಹುಟ್ಟಿದವನು ನಾನು. ಊರು ಬಿಟ್ಟು ಎರಡು ದಿನವೂ ಆಗಿರಲಿಲ್ಲ.

ಮೂರು ತಿಂಗಳು ತಡೆದುಕೊಂಡೆ. ಆಮೇಲೆ ಅಕ್ಕ ಒಣಮೀನಿನ ಪೊಟ್ಟಣ ಕಳಿಸಿದಳು. ಒಂದು ಭಾನುವಾರ ಬಾಗಿಲು ಹಾಕಿಕೊಂಡು ಸೀಮೆಎಣ್ಣೆ ಸ್ಟವ್ವಿನ ಮೇಲೆ ಎರಡೇ ಎರಡು ತುಂಡು ಸುಟ್ಟೆ. ಸ್ವಲ್ಪ ಹೊತ್ತಿಗೆ ಹಜಾರದಲ್ಲಿ ಗಂಗಮ್ಮನವರ ದನಿ ಕೇಳಿಸಿತು. "ಅಟ್ಟದಾಗೆ ಯಾವ್ದೋ ಕಾಯಿ ಕೊಳ್ತೈತೆ ಕಣೇ ಗಿರಿಜಾ." ಏಣಿ ಹತ್ತಿದವರು ಮಧ್ಯಾಹ್ನದವರೆಗೆ ಇಡೀ ಅಟ್ಟದ ಕಾಯಿಯನ್ನು ಒಂದೊಂದಾಗಿ ಎತ್ತಿ ಮೂಸಿ, ಅಲ್ಲಾಡಿಸಿ, ಉರುಳಿಸಿದರು. ನಾನು ನನ್ನ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹೇಳಿಬಿಡೋಣ ಎಂದು ಎರಡು ಸಲ ಬಾಯಿ ತೆರೆದೆ, ಮುಚ್ಚಿದೆ. ಅವರು ಬೆನ್ನು ಹಿಡಿದುಕೊಂಡು ಕೆಳಗಿಳಿದು, ನನ್ನತ್ತ ಒಮ್ಮೆ ನೋಡಿ, "ಸಿಗ್ಲಿಲ್ಲ, ಹೋಗ್ಲಿ ಬುಡಿ" ಎಂದು ಕೈ ತೊಳೆಯಲು ಹೋದರು.

ಆ ವಾರವೇ ರುದ್ರಪ್ಪನವರು ಕರೆದರು. "ದೊಡ್ಡ ಪೇಪರ್‌ನಾಗೆ ದಿನಾ ಮೂರು ಚೌಕದ ಚಿತ್ರ ಬತ್ತೈತಲ್ಲ, ಅಂಥದ್ದು ನಮಗೂ ಬೇಕು ಕಣ್ರೀ. ಜನ ಮೊದ್ಲು ನೋಡೋದೇ ಅದನ್ನ." ನಾನು ಆಗಲೇ ಮನಸ್ಸಿನಲ್ಲಿ ಬರೆದಾಗಿತ್ತು. ಹೆಸರು 'ಅಟ್ಟದಮ್ಮ'. ಮೊದಲ ಚೌಕದಲ್ಲಿ ಅವಳು ಏನನ್ನಾದರೂ ಕೈಗೆತ್ತಿಕೊಳ್ಳುತ್ತಾಳೆ. ಎರಡನೆಯದರಲ್ಲಿ ಕಿವಿಗೆ ಹಿಡಿದು ಅಲ್ಲಾಡಿಸುತ್ತಾಳೆ, ಮಾತಿಲ್ಲ. ಮೂರನೆಯದರಲ್ಲಿ ಒಂದೇ ಮಾತು. ಅರಳಗುಪ್ಪೆಯಿಂದ ಹೆಣ್ಣು ನೋಡಲು ಬಂದ ಗಂಡಿನ ತಲೆ ಅಲ್ಲಾಡಿಸಿ, "ಇನ್ನೂ ನೀರೈತೆ, ಒಂದೊರ್ಸ ಬುಟ್ಟು ಕರ್ಕಂಬನ್ನಿ" ಎಂದಳು. ಹೊಸ ಸೇತುವೆಯ ಸಿಮೆಂಟು ಮೂಟೆ ಅಲ್ಲಾಡಿಸಿದಳು, ಭಾಷಣಕ್ಕೆ ಬಂದವರ ಮೈಕು ಅಲ್ಲಾಡಿಸಿದಳು. ಚಿತ್ರಗಳನ್ನು ವಾರಕ್ಕೊಮ್ಮೆ ಬಸ್ಸಿನಲ್ಲಿ ಬೆಂಗಳೂರಿಗೆ ಕಳಿಸಿ ಅಚ್ಚು ಹಾಕಲು ಸತುವಿನ ಬ್ಲಾಕ್ ಮಾಡಿಸಬೇಕಿತ್ತು. ನಮ್ಮ ಹಳೇ ಮೆಷೀನಿನಲ್ಲಿ ತೆಳ್ಳನೆಯ ಗೆರೆ ಒಡೆದುಹೋಗುತ್ತಿತ್ತು, ಅದಕ್ಕೇ ಮೂಗು, ಕಿವಿ, ಬೆರಳು ಎಲ್ಲವನ್ನೂ ದಪ್ಪ ಮಾಡಿದೆ. ಆ ದಪ್ಪ ಗೆರೆಯೇ ಜನಕ್ಕೆ ಹಿಡಿಸಿತು. ಪತ್ರಿಕೆ ಬಂದ ತಕ್ಷಣ ಹೋಟೆಲಿನಲ್ಲಿ ಕಡೇ ಪುಟವನ್ನು ಮೊದಲು ತಿರುಗಿಸುತ್ತಿದ್ದರು. ತುರುವೇಕೆರೆ, ಕಂದಿಕೆರೆಯಿಂದಲೂ ಕಾರ್ಡು ಬರುತ್ತಿದ್ದವು.

ಗಂಗಮ್ಮನವರನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಸುಳ್ಳೇಕೆ, ಹೊಳೆದಿತ್ತು, ಕೇಳಲಿಲ್ಲ. ಅವರಿಗೆ ಓದು ಬಾರದು, ಗಿರಿಜಾ ತೋರಿಸಿದರು.

"ನನ್ ಮೂಗು ಇಷ್ಟು ದಪ್ಪನೇನೇ ಗಿರಿಜಾ?"

"ಮೇಷ್ಟ್ರು ಒಸಿ ಸಣ್ಣ ಮಾಡವ್ರೆ ಕಣತ್ತೆ."

ಅತ್ತೆ ಸೊಸೆ ಇಬ್ಬರೂ ನಕ್ಕರು. ಆಮೇಲೆ ಗಂಗಮ್ಮನವರು ನನ್ನ ಕಡೆ ತಿರುಗಿ, "ಬರ್ಕಳ್ಳಿ ಮೇಷ್ಟ್ರೇ, ನಿಮ್ ಹೊಟ್ಟೆಪಾಡು. ತಲೆ ಮ್ಯಾಲೆ ಒಂದೀಟು ಸೆರಗು ಹಾಕ್ಬುಡಿ. ಊರೆಲ್ಲ ನೋಡ್ತೈತೆ. ಬರೀ ತಲೇಲಿ ನಾನು ಯಾವತ್ತೂ ಬೀದಿಗೆ ಹೋದೋಳಲ್ಲ" ಎಂದರು.

ಕೇಳಿದ್ದು ಅದೊಂದೇ. ನಾನು ಕೊಡಲಿಲ್ಲ. "ಸೆರಗು ಹಾಕಿದರೆ ಕಿವಿ ಕಾಣುವುದಿಲ್ಲ ಅಮ್ಮ. ಕಿವಿ ಇಲ್ಲದಿದ್ದರೆ ಚಿತ್ರವೇ ಇಲ್ಲ" ಎಂದು ದೊಡ್ಡ ಕಲಾವಿದನ ಗತ್ತಿನಲ್ಲಿ ಹೇಳಿದೆ. "ಹೋಗ್ಲಿ ಬುಡಿ" ಎಂದರು.

ಕೊಬ್ಬರಿ ಮಂಡಿಯ ವ್ಯಾಪಾರಿಯೊಬ್ಬರು ಅಟ್ಟದಮ್ಮನ ಬಾಯಲ್ಲಿ ತಮ್ಮ ಅಂಗಡಿಯ ಹೆಸರು ಹೇಳಿಸಬೇಕೆಂದು ಬಂದರು. ವರ್ಷವಿಡೀ ಜಾಹೀರಾತು ಕೊಡುವ ಮಾತು. ರುದ್ರಪ್ಪನವರು ಕಣ್ಣಲ್ಲೇ ಬೇಡಿಕೊಂಡರು. "ಅಟ್ಟದಮ್ಮ ಮಾರಾಟಕ್ಕಿಲ್ಲ" ಎಂದೆ. ಆ ರಾತ್ರಿ ನನ್ನ ಬಗ್ಗೆ ನನಗೇ ಬಹಳ ಗೌರವ ಬಂದು ಚೆನ್ನಾಗಿ ನಿದ್ದೆ ಹತ್ತಿತು. ಈಗ ನೆನೆದರೆ ಮೈ ಮುದುಡುತ್ತದೆ.

ತುರ್ತು ಪರಿಸ್ಥಿತಿ ಬಂತು. ಅಚ್ಚಾಗುವ ಮೊದಲು ಸುದ್ದಿಯನ್ನೆಲ್ಲ ಅಧಿಕಾರಿಗಳಿಗೆ ತೋರಿಸಬೇಕಾಯಿತು. ಮೂರು ಚೌಕವನ್ನು ಮಾತ್ರ ಮಕ್ಕಳಾಟ ಎಂದು ಅವರು ನೋಡದೆಯೇ ಬಿಡುತ್ತಿದ್ದರು. ಆ ಸಂದಿಯಲ್ಲಿ ನುಗ್ಗಬೇಕೆಂದು ನನಗೆ ಆಸೆ. ಒಂದು ದಿನ ಅಟ್ಟದಮ್ಮ ನಮ್ಮ ಪತ್ರಿಕೆಯನ್ನೇ ಸುರುಳಿ ಸುತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದಳು. ಮೂರನೆಯ ಚೌಕದಲ್ಲಿ ಹೇಳಿದಳು: "ಸದ್ದೇ ಇಲ್ಲ. ಕೊಳೆತೈತೋ, ಹೆದ್ರೈತೋ?"

"ಬ್ಯಾಡ ಕಣ್ರೀ ಮೇಷ್ಟ್ರೇ, ನಮ್ದು ಸಣ್ಣ ಪೇಪರು" ಎಂದರು ರುದ್ರಪ್ಪ. ಅವರಿಗೆ ಅಭಿವ್ಯಕ್ತಿ ಸ್ವಾತಂತ್ರ್ಯದ ಮೇಲೆ ಕಾಲು ಗಂಟೆ ಉಪದೇಶ ಮಾಡಿದೆ. ಪಾಪ, ಒಪ್ಪಿದರು. ಮರುದಿನ ಹೋಟೆಲಿನಲ್ಲಿ ಯಾರೂ ನಗಲಿಲ್ಲ. ಓದಿದವರು ಒಬ್ಬರನ್ನೊಬ್ಬರು ನೋಡಿ ಪತ್ರಿಕೆ ಮಡಚಿಟ್ಟರು. ನಾನು ಎದೆ ಉಬ್ಬಿಸಿಕೊಂಡು ಕಾಫಿ ಕುಡಿದೆ.

ಮೂರನೆಯ ದಿನ ನನಗೆ ಕರೆ ಬಂತು. ಯಾವ ಕಚೇರಿ ಎಂದು ಬರೆಯುವುದಿಲ್ಲ, ಆಗ ಎಲ್ಲ ಕಚೇರಿಗಳೂ ಒಂದೇ ಥರ ಇದ್ದವು. ಅಧಿಕಾರಿ ಹೊಡೆಯಲಿಲ್ಲ, ಬಯ್ಯಲಿಲ್ಲ, ಕುರ್ಚಿ ಕೊಟ್ಟರು. ನನಗೆ ಒಂದು ನೆವವೂ ಉಳಿಯಲಿಲ್ಲ ನೋಡಿ.

"ಹೊರಗಿನವರು, ಅಲ್ವಾ?"

"ಹೌದು ಸಾರ್. ಮಲ್ಪೆ ಕಡೆ."

"ಇಲ್ಲಿ ನಿಮಗೆ ಯಾರಿದ್ದಾರೆ?"

ಅಷ್ಟೇ ಕೇಳಿದ್ದು. ಯಾರಿದ್ದಾರೆ ನನಗೆ ಇಲ್ಲಿ? ಒಳಗೆ ಹಾಕಿದರೆ ಬುತ್ತಿ ತರುವವರು ಯಾರು? ನೆನಪಾದದ್ದು ಒಂದೇ ಹೆಸರು. ಆ ಹೆಸರನ್ನು ನಾನು ಹೇಗೆ ಬಳಸಿದೆ ಎಂದು ಕೇಳಿ.

"ಮನೆ ಯಜಮಾನಿ ಗಂಗಮ್ಮ ಅಂತ ಇದ್ದಾರೆ ಸಾರ್. ಈ ಮಾತು ಅವರದ್ದೇ. ಅವರು ಹೇಳಿದ್ದನ್ನು ನಾನು ಬರೆದೆ ಅಷ್ಟೇ. ನನಗೆ ಅದರ ಅರ್ಥವೂ ಸರಿಯಾಗಿ ಗೊತ್ತಿಲ್ಲ."

ಸದ್ದಿಲ್ಲದ ಕಾಯಿ ಕೊಳೆತಿರುತ್ತದೆ ಎಂದು ಗಂಗಮ್ಮನವರು ಅಂದಿದ್ದು ನಿಜ. ಅಟ್ಟದ ಮೇಲೆ, ಕಾಯಿಯ ಬಗ್ಗೆ. ಹೆದರಿದೆಯೋ ಎಂಬುದು ನನ್ನದು. ಅಧಿಕಾರಿ ಹೆಸರು, ವಿಳಾಸ ಬರೆದುಕೊಂಡು ನನಗೆ ಹೋಗಿ ಎಂದರು. ಜಾಹೀರಾತಿಗೆ ಮಾರದವಳನ್ನು ಹೀಗೆ ಪುಕ್ಕಟೆ ಕೊಟ್ಟು ಬಂದೆ. ಮನೆಗೆ ಹೋಗಿ ಗಂಗಮ್ಮನವರಿಗೆ ಎಚ್ಚರಿಕೆ ಹೇಳಬಹುದಿತ್ತು. ತಲೆನೋವು ಎಂದು ಮಲಗಿದೆ.

ಮರುದಿನ ಬೆಳಿಗ್ಗೆ ಅವರನ್ನು ಕರೆದುಕೊಂಡು ಹೋದರು. ತಲೆ ತುಂಬ ಸೆರಗು ಹೊದ್ದುಕೊಂಡು, ಸೊಸೆಯನ್ನು ಜೊತೆಗಿಟ್ಟುಕೊಂಡು ಬೀದಿಯಲ್ಲಿ ನಡೆದು ಹೋದರು. ಅಂಗಡಿಯವರೆಲ್ಲ ಎದ್ದು ನಿಂತು ನೋಡಿದರಂತೆ. ನಾನು ಪ್ರೆಸ್ಸಿನ ಒಳಕೋಣೆಯಲ್ಲಿ ಕೂತಿದ್ದೆ. ಅವರ ಹಿಂದೆಯೇ ಹೋಗಿದ್ದ ರುದ್ರಪ್ಪನವರು ಸಾಯಂಕಾಲ ಬಂದು ಹೇಳಿದರು. ಇಡೀ ದಿನ ಬೆಂಚಿನ ಮೇಲೆ ಕೂರಿಸಿದ್ದರು. ನೀನೇ ಅಂದದ್ದಾ ಎಂದು ಕೇಳಿದ್ದಕ್ಕೆ, "ಹೂಂ ಕಣಪ್ಪ, ಕಾಯಿ ಇಟ್ಟಿರೋರೆಲ್ಲ ಅನ್ನೋ ಮಾತೇಯ" ಎಂದರಂತೆ. ಹೆದರಿದೆ ಎನ್ನುವುದು ಯಾರ ಮಾತು ಎಂದಾಗ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು, "ಅದೂ ನಂದೇಯ. ಮೇಷ್ಟ್ರು ಪರಸ್ಥಳದೋರು, ಅವ್ರಿಗೆ ನಮ್ ಮಾತು ತಿಳಿಯಲ್ಲ. ಅವ್ರನ್ನ ಬುಟ್ಬುಡಿ" ಎಂದರಂತೆ. ಇನ್ನು ಮುಂದೆ ಹೀಗೆ ಮಾತಾಡುವುದಿಲ್ಲ ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸಿದರು.

ಇಷ್ಟು ಹೇಳಿ ರುದ್ರಪ್ಪನವರು ನನ್ನನ್ನು ನೋಡಲಿಲ್ಲ. "ಮನೆಗೆ ಹೋಗಿ" ಎಂದರು.

ಹೋದೆ. ಗಂಗಮ್ಮನವರು ಬಚ್ಚಲ ಕಲ್ಲಿನ ಹತ್ತಿರ ಕೂತು ತೆಂಗಿನ ನಾರಿನಿಂದ ಹೆಬ್ಬೆರಳಿನ ಮಸಿ ಉಜ್ಜುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ.

"ಉಂಡ್ರಾ ಮೇಷ್ಟ್ರೇ?"

"ಅಮ್ಮ, ನಾನು..."

"ಮೀನು ಸುಟ್ಟ ದಿನಾನೂ ಹಿಂಗೇ ನಿಂತ್ಕಂಡಿದ್ರಿ ಬಾಗ್ಲಾಗೆ."

ನನ್ನ ಕಿವಿ ಸುಟ್ಟಂತಾಯಿತು. "ಗೊತ್ತಿತ್ತಾ ನಿಮಗೆ?"

"ಕೊಳೆತ ಕಾಯಿಗೂ ಮೀನಿಗೂ ವ್ಯತ್ಯಾಸ ತಿಳೀದೇ ಮೂವತ್ತೊರ್ಸ ಅಟ್ಟ ಹತ್ತೀನಾ?"

"ಮತ್ತೆ ಮಧ್ಯಾಹ್ನದವರೆಗೆ ಯಾಕೆ ಹುಡುಕಿದಿರಿ?"

ಅವರು ಹೆಬ್ಬೆರಳು ತಿರುಗಿಸಿ ನೋಡಿಕೊಂಡರು. ಮಸಿ ಇನ್ನೂ ಹೋಗಿರಲಿಲ್ಲ. "ನೀವೇ ಹೇಳ್ತೀರೇನೋ ಅಂತ" ಎಂದರು.

ಅವತ್ತೂ ಮುದ್ದೆ, ಉಪ್ಸಾರು ಬಡಿಸಿದರು. ಕೋಣೆ ಬಿಡಿ ಎನ್ನಲಿಲ್ಲ. ಬಯ್ದಿದ್ದರೆ ಗಂಟು ಕಟ್ಟಿಕೊಂಡು ಊರಿಗೆ ಬಂದುಬಿಡುತ್ತಿದ್ದೆ. ಅಟ್ಟದಮ್ಮನ ಚಿತ್ರ ನಿಂತುಹೋಯಿತು. ಊರಲ್ಲಿ ಒಬ್ಬರೂ ನನ್ನನ್ನು ಏನೂ ಕೇಳಲಿಲ್ಲ. ಮಲ್ಪೆಗೆ, ಆ ಚಿತ್ರಕ್ಕಾಗಿ ನಾನು ಕಚೇರಿಗೆ ಹೋಗಿ ಬಂದ ಸುದ್ದಿಯಷ್ಟೇ ಮುಟ್ಟಿತು, ಉಳಿದದ್ದು ಮುಟ್ಟಲಿಲ್ಲ. ಮುಟ್ಟಿಸಬೇಕಾದವನು ನಾನೇ ಆಗಿದ್ದೆ.

ತುರ್ತು ಪರಿಸ್ಥಿತಿ ಮುಗಿದ ಮೇಲೆ ಪತ್ರಿಕೆಗಳೆಲ್ಲ ಗದ್ದಲ ಮಾಡತೊಡಗಿದವು. ಅಟ್ಟದಮ್ಮನನ್ನು ಮತ್ತೆ ಶುರು ಮಾಡಿ ಎಂದು ರುದ್ರಪ್ಪನವರು ದುಂಬಾಲು ಬಿದ್ದರು. ಮೂರು ದಿನ ಕೂತು ಬರೆದೆ. ಮೂರೂ ಚೌಕದಲ್ಲಿ ಅವಳ ತಲೆಯ ಮೇಲೆ ಹಣೆಯವರೆಗೆ ಸೆರಗು ಹೊದಿಸಿದೆ. ರುದ್ರಪ್ಪನವರು ಹಿಂದೆ ಮುಂದೆ ತಿರುಗಿಸಿ, "ಕಿವಿ ಎಲ್ರೀ?" ಎಂದರು. ಅಚ್ಚಾದ ದಿನ ನಾನೇ ಅದನ್ನು ಗಂಗಮ್ಮನವರಿಗೆ ತೋರಿಸಿದೆ. ಪತ್ರಿಕೆಯನ್ನು ಕಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದರು.

"ಈಗ ಹಾಕಿದ್ರಾ" ಎಂದರು. ಸ್ವಲ್ಪ ನಕ್ಕರು. "ಯಾಕೆ ಮೇಷ್ಟ್ರೇ ಈಗ? ಕಿವಿ ಮುಚ್ಕಂಡ್ರೆ ಕಾಯಿ ಕೇಳ್ಸೋದೆಂಗೆ?"

ಅಟ್ಟದಮ್ಮನ ಚಿತ್ರಗಳಲ್ಲಿ ಅದೇ ಕಡೆಯದು. ಈಗ ಅಂಗಡಿಗಳಿಗೆ ಬೋರ್ಡು ಬರೆಯುತ್ತೇನೆ, ಅದೇ ಕೋಣೆಯಲ್ಲಿದ್ದೇನೆ. ಊರಿಗೆ ಬಂದು ನಿಮ್ಮ ಜೊತೆ ಬಂಗುಡೆ ಸಾರು ಉಣ್ಣುವಾಗ ತಲೆಯ ಮೇಲೆ ಏನೂ ಉರುಳುವುದಿಲ್ಲವಲ್ಲ ಎಂದು ಕಸಿವಿಸಿಯಾಗುತ್ತದೆ, ನಾಲ್ಕನೇ ದಿನಕ್ಕೆ ಬಸ್ಸು ಹತ್ತುತ್ತೇನೆ. ಇಲ್ಲಿ ಬಂದ ಕೂಡಲೇ ಗಂಗಮ್ಮನವರು, "ಬಂದ್ರಾ? ಈ ಸಲಾನೂ ಮೀನು ತಂದಿದ್ರೆ ಮೊದ್ಲೇ ಹೇಳ್ಬುಡಿ, ನನ್ ಕೈಲಿ ಏಣಿ ಹತ್ತಕ್ಕಾಗಲ್ಲ" ಎನ್ನುತ್ತಾರೆ. ಗಿರಿಜಾ ನಗುತ್ತಾರೆ, ನಾನೂ ನಗುತ್ತೇನೆ, ನನ್ನ ಮುಖವನ್ನು ಎಲ್ಲಿಡಲಿ ಎಂದು ತಿಳಿಯುವುದಿಲ್ಲ. ಇಲ್ಲಿ ನಿಮಗೆ ಯಾರಿದ್ದಾರೆ ಎಂದು ಆ ಅಧಿಕಾರಿ ಇವತ್ತು ಬಂದು ಕೇಳಿದರೂ ಉತ್ತರ ಗಂಗಮ್ಮ ಎಂದೇ. ಆ ಹೆಸರನ್ನು ಹೇಳುವ ಯೋಗ್ಯತೆಯನ್ನು ಮಾತ್ರ ಅವತ್ತೇ ಕಳೆದುಕೊಂಡೆ.