ಅತ್ತೆಗೆ ಕುರ್ಲಾ ಕೇಳಿಸಿತು

ನಮ್ಮ ಅತ್ತೆ ಮುಂಬಯಿಯ ಕನ್ನಡ ಶಾಲೆಯೊಂದರಲ್ಲಿ ಟೀಚರ್ ಆಗಿ ನಿವೃತ್ತರಾದವರು. ಉಕ್ತಲೇಖನದಲ್ಲಿ ಅವರದು ಎತ್ತಿದ ಕೈ. ಒತ್ತಕ್ಷರ ತಪ್ಪಿದ ಮಕ್ಕಳಿಂದ ಅದೇ ಪದವನ್ನು ಪುಟ ತುಂಬ ಬರೆಸುತ್ತಿದ್ದರಂತೆ. ನಿವೃತ್ತಿಯಾದ ಕೆಲವೇ ವರ್ಷಗಳಲ್ಲಿ ಅವರ ಕಿವಿ ಮಂದವಾಗತೊಡಗಿತು. ಹಿಯರಿಂಗ್ ಏಡ್ ಬಂತು, ಆಮೇಲೆ ಅದಕ್ಕಿಂತ ಜೋರಿನದು ಬಂತು. ಕೊನೆಕೊನೆಗೆ ಶಬ್ದ ಕೇಳುತ್ತಿತ್ತು, ಮಾತು ಮಾತ್ರ ತಿಳಿಯುತ್ತಿರಲಿಲ್ಲ. “ನೀವೆಲ್ಲ ಬಾಯಲ್ಲಿ ಅವಲಕ್ಕಿ ತುಂಬಿಕೊಂಡು ಮಾತಾಡ್ತೀರಿ” ಎಂದು ನಮ್ಮನ್ನೇ ಗದರುತ್ತಿದ್ದರು.

ಕಿವಿಯ ಡಾಕ್ಟರು ಒಂದು ಚಿತ್ರ ಬರೆದು ವಿವರಿಸಿದರು. ಒಳಕಿವಿ ಬಸವನಹುಳದ ಚಿಪ್ಪಿನ ಹಾಗೆ ಸುತ್ತಿಕೊಂಡಿರುತ್ತದೆ. ಅದರೊಳಗಿನ ಸೂಕ್ಷ್ಮ ಕೂದಲಿನಂಥ ಕೋಶಗಳು ಶಬ್ದವನ್ನು ನರಕ್ಕೆ ದಾಟಿಸುತ್ತವೆ. ಅತ್ತೆಯ ಕಿವಿಯಲ್ಲಿ ಆ ಕೋಶಗಳೇ ಸತ್ತುಹೋಗಿದ್ದವು. ಮನೆಯಲ್ಲಿ ಜನರೇ ಇಲ್ಲದಿದ್ದರೆ ಬಾಗಿಲು ಎಷ್ಟು ಬಡಿದರೇನು? ಆದ್ದರಿಂದ ಆ ಚಿಪ್ಪಿನೊಳಗೆ ಎಳೆಯಂಥ ತಂತಿಯೊಂದನ್ನು ತೂರಿಸಿ, ಸಣ್ಣ ವಿದ್ಯುತ್ ಮಿಡಿತಗಳಿಂದ ನರವನ್ನು ನೇರವಾಗಿ ತಟ್ಟುವುದು. ಹೊರಗೆ ಕಿವಿಯ ಹಿಂದೆ ಒಂದು ಪುಟ್ಟ ಯಂತ್ರ, ಅದಕ್ಕೆ ವಯರಿನಿಂದ ಜೋಡಿಸಿದ, ತಲೆಯ ಮೇಲೆ ಅಯಸ್ಕಾಂತದಿಂದ ಕೂರುವ ಒಂದು ಬಿಲ್ಲೆ.

ಇಷ್ಟನ್ನೂ ನಾನು ಕಾಗದದಲ್ಲಿ ಬರೆದು ತೋರಿಸಿದಾಗ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ.

“ತಲೆಯೊಳಗೆ ಕರೆಂಟಾ? ಮಳೆಗಾಲದಲ್ಲಿ ಶಾಕ್ ಹೊಡೀಲಿಕ್ಕಿಲ್ಲವಾ?”

ಡಾಕ್ಟರು ನಕ್ಕು ಇಲ್ಲವೆಂದರು. ಅತ್ತೆ ನಗಲಿಲ್ಲ. ಆದರೂ ಒಪ್ಪಿದರು.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಗಾಯ ಮಾಯಲಿ ಎಂದು ಕೆಲವು ವಾರ ಕಾದು, ಯಂತ್ರವನ್ನು ಚಾಲೂ ಮಾಡುವ ದಿನ ನನ್ನ ಗಂಡ ರಜೆ ಹಾಕಿ ಬಂದರು. ಮೊಬೈಲಿನಲ್ಲಿ ವಿಡಿಯೋ ತೆಗೆಯಲು ತಯಾರಾಗಿ ನಿಂತೇ ಇದ್ದರು. ಅಮ್ಮ ಕಣ್ಣೀರು ಹಾಕುತ್ತಾರೆ, ತಾನೂ ಅಳುತ್ತೇನೆ ಎಂದು ಅವರ ಲೆಕ್ಕಾಚಾರ. ಶ್ರವಣ ತಜ್ಞೆ ಕಂಪ್ಯೂಟರಿನ ಬಟನ್ ಒತ್ತಿ, “ಆಂಟಿ, ಆವಾಜ್ ಆ ರಹೀ ಹೈ?” ಎಂದಳು. ಅತ್ತೆ ಬೆಚ್ಚಿಬಿದ್ದರು.

“ಅಮ್ಮಾ, ನಾನು ಮಾತಾಡೋದು ಕೇಳ್ತದಾ?” ಎಂದರು ನನ್ನ ಗಂಡ.

ಅತ್ತೆ ಮಗನ ಮುಖವನ್ನೇ ದಿಟ್ಟಿಸಿದರು. “ಕೇಳ್ತದೆ. ಆದರೆ ನೀನೂ ಕಪ್ಪೆ, ಅವಳೂ ಕಪ್ಪೆ. ಎಲ್ಲರೂ ಒಟ್ಟಿಗೆ ವಟಗುಟ್ಟಿದ ಹಾಗೆ ಉಂಟು.”

ವಿಡಿಯೋ ಅಲ್ಲಿಗೇ ನಿಂತಿತು.

ತಜ್ಞೆ ನಮಗೆ ಸಮಾಧಾನ ಹೇಳಿದಳು. ಹುಟ್ಟಿನಿಂದ ಸಾವಿರಾರು ಕೋಶಗಳು ಮಾಡುತ್ತಿದ್ದ ಕೆಲಸವನ್ನು ಈಗ ಬೆರಳೆಣಿಕೆಯ ತಂತಿ ತುದಿಗಳು ಮಾಡಬೇಕು. ಅವು ಕಳಿಸುವುದು ಮೆದುಳಿಗೆ ಹೊಸ ಭಾಷೆ ಇದ್ದ ಹಾಗೆ, ಅದು ನಿಧಾನವಾಗಿ ಕಲಿಯುತ್ತದೆ. “ಪ್ರ್ಯಾಕ್ಟೀಸ್ ಮಾಡಿಸಿ” ಎಂದಳು.

ಪ್ರ್ಯಾಕ್ಟೀಸ್ ಎಂದರೆ ನಾನು ತುಟಿ ಕಾಣದಂತೆ ಬಾಯಿಗೆ ಕೈ ಅಡ್ಡ ಹಿಡಿದು ಪದ ಹೇಳುವುದು, ಅತ್ತೆ ಅದನ್ನು ತಿರುಗಿ ಹೇಳುವುದು. ಜೀವಮಾನವಿಡೀ ಉಕ್ತಲೇಖನ ಕೊಟ್ಟವರಿಗೆ ಸೊಸೆಯಿಂದ ಉಕ್ತಲೇಖನ! ನಾನು “ಬಟ್ಟಲು” ಎಂದರೆ ಅವರು “ಕತ್ತಲು” ಎನ್ನುತ್ತಿದ್ದರು. ತಪ್ಪೆಂದರೆ ಸಿಟ್ಟು. “ನಿನ್ನ ಉಚ್ಚಾರಣೆಯೇ ಸರಿ ಇಲ್ಲ ಮಾರಾಯ್ತಿ.” ಬೇಜಾರಾಗಿ ಒಂದು ವಾರ ಯಂತ್ರವನ್ನೇ ಬಿಚ್ಚಿಟ್ಟರು. ಫ್ರಿಜ್ಜು ಇಷ್ಟು ಗೊಣಗುತ್ತದೆಂದು ತನಗೆ ಗೊತ್ತೇ ಇರಲಿಲ್ಲ, ಬೇಕಾದದ್ದೊಂದು ಬಿಟ್ಟು ಉಳಿದದ್ದೆಲ್ಲ ಕೇಳುತ್ತದೆ ಎಂದು ತಕರಾರು.

ಘಾಟ್ಕೋಪರಿನಲ್ಲಿ ಅತ್ತೆಯ ತಂಗಿ ಇದ್ದಾರೆ. ಒಂದು ಮಧ್ಯಾಹ್ನ ಅವರ ಮನೆಗೆಂದು ನಾವಿಬ್ಬರೂ ಸಯನ್‌ನಲ್ಲಿ ಲೋಕಲ್ ರೈಲು ಹತ್ತಿದೆವು. ನನ್ನ ಒತ್ತಾಯಕ್ಕೆ ಅತ್ತೆ ಯಂತ್ರ ಹಾಕಿಕೊಂಡಿದ್ದರು. ಲೇಡೀಸ್ ಡಬ್ಬದಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಗಾಡಿ ಬಿಟ್ಟ ಸ್ವಲ್ಪ ಹೊತ್ತಿಗೆ ಅತ್ತೆ ಬೆರಳೆತ್ತಿದರು.

“ಕುರ್ಲಾ ಅಂದಳು.”

“ಯಾರು?”

“ಮೇಲೆ ಸ್ಪೀಕರಿನವಳು. ಮರಾಠಿಯಲ್ಲಿ ಪುಢೀಲ ಸ್ಟೇಷನ್ ಕುರ್ಲಾ ಅಂದಳು. ತಡಿ, ಹಿಂದಿಯಲ್ಲಿಯೂ ಹೇಳ್ತಾಳೆ.”

ಹೇಳಿದಳು. ಆಮೇಲೆ ಇಂಗ್ಲಿಷಿನಲ್ಲೂ ಹೇಳಿದಳು. ವರ್ಷಗಟ್ಟಲೆ ಓಡಾಡಿದ ದಾರಿ, ಮುಂದೆ ಯಾವ ಹೆಸರು ಬರುತ್ತದೆಂದು ಅತ್ತೆಯ ಮೆದುಳಿಗೆ ಬಾಯಿಪಾಠ. ಬರುವ ಶಬ್ದವನ್ನು ಅದು ಗೊತ್ತಿರುವ ಹೆಸರಿಗೆ ಜೋಡಿಸಿಕೊಳ್ಳುತ್ತಿತ್ತು. ಒಂದೇ ಹೆಸರನ್ನು ಮೂರು ಭಾಷೆಯಲ್ಲಿ, ಸಿಟ್ಟಿಲ್ಲದೆ, ಬಾಯಿಗೆ ಕೈ ಅಡ್ಡ ಹಿಡಿಯದೆ ಹೇಳುವ ಇಂಥ ಟೀಚರ್ ಇನ್ನೆಲ್ಲಿ ಸಿಗಬೇಕು? ವಿದ್ಯಾವಿಹಾರ್ ಬಂದಾಗ ಅತ್ತೆ ಎದುರಿನ ಹೆಂಗಸಿಗೂ ಕೇಳುವಂತೆ “ವಿದ್ಯಾವಿಹಾರ್!” ಎಂದು ಕೂಗಿದರು. ಆಕೆ ಗಾಬರಿಯಿಂದ ಇಳಿಯಲು ಎದ್ದಳು, ಮತ್ತೆ ಕೂತಳು. ನನಗೆ ನಗು ಬಂತು.

ಅಂದಿನಿಂದ ಲೋಕಲ್ಲೇ ನಮ್ಮ ಕ್ಲಾಸು. ಒಮ್ಮೆ ನೂಕುನುಗ್ಗಲಲ್ಲಿ ತಲೆಯ ಮೇಲಿನ ಬಿಲ್ಲೆ ಕಳಚಿ ಬಾಗಿಲ ಪಕ್ಕದ ಕಂಬಿಗೆ ಟಕ್ಕೆಂದು ಅಂಟಿತು. ವಯರಿನ ಕೊನೆಯಲ್ಲಿ ಅತ್ತೆ, ಅತ್ತೆಯ ಹಿಂದೆ ಇಡೀ ಕುರ್ಲಾದ ಜನ. “ಆಂಟಿ ಕಾ ಕಾನ್ ಚಿಪಕ್ ಗಯಾ!” ಎಂದು, ಆಂಟಿಯ ಕಿವಿಯೇ ಅಂಟಿಕೊಂಡಿತೆಂಬಂತೆ, ಒಬ್ಬಳು ಕಿರುಚಿದಳು. ನಾಲ್ಕು ಕೈಗಳು ಅದನ್ನು ಕಿತ್ತು ಜಾಗಕ್ಕೆ ಕೂರಿಸಿದವು.

ಸೆಂಟ್ರಲ್ ಲೈನಿನ ಹೆಸರುಗಳೆಲ್ಲ ಸಲೀಸಾದ ಮೇಲೆ ಘಾಟ್ಕೋಪರಿನಿಂದ ಮೆಟ್ರೋ ಹತ್ತಿದೆವು. ಅಲ್ಲಿನ ಹೆಸರುಗಳು ಅತ್ತೆಗೆ ಬಾಯಿಪಾಠ ಇಲ್ಲ. ಕಣ್ಣು ಮುಚ್ಚಿ ಕೂತವರು ಅಸಲ್ಫಾ ಸ್ಟೇಷನ್ ಬಂದಾಗ ಹುಬ್ಬು ಗಂಟಿಕ್ಕಿದರು.

“ಹಲ್ವಾ ಅಂತಾಳಲ್ಲ?”

ಅಸಲ್ಫಾ ದಕ್ಕಲು ಇನ್ನೂ ಕೆಲವು ಪ್ರಯಾಣ ಬೇಕಾದವು. ಅಷ್ಟರೊಳಗೆ ಕಪ್ಪೆಗಳೂ ಮನುಷ್ಯರಾಗತೊಡಗಿದ್ದವು. ಯಂತ್ರ ಬದಲಾಗಿರಲಿಲ್ಲ, ಅತ್ತೆಯ ಮೆದುಳು ಅದರ ಭಾಷೆಯನ್ನು ಕಲಿತುಬಿಟ್ಟಿತ್ತು. ಒಂದು ಬೆಳಿಗ್ಗೆ ಪಕ್ಕದ ಕೋಣೆಯಿಂದ ಮಗ “ಅಮ್ಮಾ, ನನ್ನ ಕನ್ನಡಕ ನೋಡಿದ್ಯಾ?” ಎಂದರು. “ಟಿವಿ ಮೇಲೆ ಉಂಟು” ಎಂದು ಅತ್ತೆ ತಲೆಯೆತ್ತದೆ ಉತ್ತರ ಕೊಟ್ಟರು. ಆ ದಿನ ಅತ್ತರು, ತಾಯಿಯಲ್ಲ, ಮಗ. ವಿಡಿಯೋ ತೆಗೆಯುವುದು ಯಾರಿಗೂ ನೆನಪಾಗಲಿಲ್ಲ.

ಎಲ್ಲವೂ ಸರಿಹೋಯಿತೆಂದಲ್ಲ. ಸಂಗೀತ ಇನ್ನೂ ಕೂಡಿಬಂದಿಲ್ಲ. ಭಜನೆಗೆ ಹೋದರೆ ತಾಳ ಸಿಗುತ್ತದೆ, ರಾಗ ಸಿಗುವುದಿಲ್ಲ. “ಪಾತ್ರೆ ತೊಳೆದ ಹಾಗೆ” ಎಂದು ಬೇಸರಪಡುತ್ತಾರೆ. ಆದರೂ ಹೋಗಿ ಚಪ್ಪಾಳೆ ತಟ್ಟಿ ಬರುತ್ತಾರೆ.

ಈಗ ನಮ್ಮ ಪಕ್ಕದ ಬಿಲ್ಡಿಂಗ್ ಒಡೆದು ಹೊಸದು ಕಟ್ಟುತ್ತಿದ್ದಾರೆ. ಬೆಳಗಾದರೆ ಡ್ರಿಲ್ಲಿನ ಆರ್ಭಟ, ಕಿಟಕಿ ಗಾಜು ನಡುಗುತ್ತದೆ. ಊಟವಾದ ಮೇಲೆ ಅತ್ತೆ ಬಿಲ್ಲೆಯನ್ನು ತೆಗೆದು ಮೇಜಿನ ಮೇಲಿಟ್ಟು, ನಮ್ಮ ಕಡೆ ಒಮ್ಮೆ ಕನಿಕರದಿಂದ ನೋಡಿ, ಗೋಡೆಗೆ ಮುಖ ಮಾಡಿ ಮಲಗುತ್ತಾರೆ. ಎಂಥ ಸುಖನಿದ್ರೆ ಎಂದರೆ, ನಾವಿಬ್ಬರೂ ಹೊಟ್ಟೆ ಉರಿದುಕೊಂಡು ಕಿವಿಗೆ ಹತ್ತಿ ತುರುಕಿಕೊಳ್ಳುತ್ತೇವೆ.