ಮೇಡಂಗೆ ನಾನೇ ಮೂಗು

ಹಾಲಿನ ಬಾಟಲಿಯ ಮುಚ್ಚಳ ತೆಗೆದೊಡನೆ ಮೇಡಂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹೊಳ್ಳೆಗಳು ಅರಳಿ ಮೂಗುಬೊಟ್ಟು ಮಿನುಗುತ್ತಿತ್ತು. ಆಮೇಲೆ ಏನೂ ಆಗದವರಂತೆ ಬಾಟಲಿಯನ್ನು ನನ್ನ ಕಡೆ ಸರಿಸುತ್ತಿದ್ದರು. ಒಂದು ಜ್ವರದ ನಂತರ ಅವರಿಗೆ ವಾಸನೆ ತಿಳಿಯುವುದೇ ನಿಂತುಹೋಗಿತ್ತು.

ಅವರು ಶಿವಮೊಗ್ಗದಲ್ಲಿ ನನ್ನ ಪಿಎಚ್.ಡಿ. ಗೈಡ್. ನಾನು ಭದ್ರಾವತಿಯ ಹಮಾಲಿಯ ಮಗಳು, ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು, ಹೇಳಿಕೊಳ್ಳಲು ಸಂಕೋಚವಿಲ್ಲ. ಹಾಲು ಕೆಟ್ಟಿದೆಯೇ ಎಂದು ವಾಸನೆಯಿಂದಲೇ ಹೇಳುವ ಪೆಟ್ಟಿಗೆ ಮಾಡುವುದು ನಮ್ಮ ಕೆಲಸ. ಒಳಗೆ ಎಂಟು ಸೆನ್ಸರ್‌ಗಳ ಸಾಲು. ಒಂದೊಂದಕ್ಕೂ ತಿಳಿಯುವುದು ಅರ್ಧಂಬರ್ಧ; ಎಂಟರ ಅಂಕಿಗಳನ್ನೂ ಒಟ್ಟಿಗಿಟ್ಟು ನೋಡಿದರೆ ಉತ್ತರ ಸಿಗುತ್ತದೆ. “ಒಂಟಿ ಸೆನ್ಸರ್ ಮಾತು ನಂಬಬೇಡ ಕಣೆ” ಎನ್ನುತ್ತಿದ್ದರು, ಮನೆಯಲ್ಲಿ ಒಬ್ಬರೇ ಇದ್ದ ಮೇಡಂ.

ಪೆಟ್ಟಿಗೆಗೆ ಕಲಿಸಲು ಪ್ರತಿ ಹಾಲನ್ನೂ ಮೊದಲು ಯಾರಾದರೂ ಮೂಸಿ ಹೇಳಬೇಕಿತ್ತು. ಅದು ನಾನು. ನನ್ನ ಇಂಗ್ಲಿಷಿಗೆ ಲ್ಯಾಬಿನ ಉಳಿದವರು ನಕ್ಕಾಗ ಮೇಡಂ, “ಮೂಗಿಗೆ ಯಾವ ಇಂಗ್ಲಿಷು? ನೀನು ಮೂಸು” ಎಂದರು.

ಒಂದು ಮಧ್ಯಾಹ್ನ ಅವರು ಊಟದ ಡಬ್ಬಿ ತೆರೆದಾಗ ನಾತ ಹೊಡೆಯಿತು.

“ಮೇಡಂ, ಪಲ್ಯ ಹಳಸಿದೆ!”

ತುತ್ತು ಅರ್ಧದಲ್ಲೇ ನಿಂತಿತು. “ನಿನ್ನೆಯದೂ ಹೀಗೇ ಇತ್ತೇನೋ. ಮನೇಲಿ ಹೇಳೋರು ಯಾರಿದಾರೆ ಮಾರಾಯ್ತಿ?” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅಂದಿನಿಂದ ಡಬ್ಬಿ ಮೊದಲು ನನ್ನ ಮುಂದೆ ಬರುತ್ತಿತ್ತು. ನಾನು “ಚೆನ್ನಾಗಿದೆ ಮೇಡಂ” ಎಂದ ಮೇಲೆಯೇ ಅವರ ಊಟ.

ಥೀಸಿಸ್ ಮುಗಿಯುತ್ತ ಬಂದಂತೆ ನನಗೆ ಅದೇ ಚಿಂತೆ. ನಾನು ಹೋದರೆ ಇವರಿಗೆ ಯಾರು ಹೇಳುತ್ತಾರೆ?

ಒಂದು ದಿನ ಕಾಫಿಗೆ ತಂದ ಹಾಲನ್ನು ಪೆಟ್ಟಿಗೆ ಕೆಟ್ಟಿದೆ ಎಂದಿತು. ನಾನು ಮೂಸಿ, ಚೆನ್ನಾಗಿದೆ ಎಂದೆ. ಕಾಯಿಸಿದರೆ ಒಡೆದೇಹೋಯಿತು. ಮೇಡಂ ಚಪ್ಪಾಳೆ ತಟ್ಟಿದರು. “ನಿನಗಿಂತ ಚುರುಕಾಯ್ತಲ್ಲೇ! ಇನ್ನು ನೀನು ಧೈರ್ಯವಾಗಿ ಹೋಗು.”

ಹೋದೆ. ಭದ್ರಾವತಿಯ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ಅಂಥದ್ದೇ ಇನ್ನೊಂದು ಪೆಟ್ಟಿಗೆ ಮಾಡಿ ಮೇಡಂ ತಮ್ಮ ಅಡುಗೆಮನೆಯಲ್ಲಿಟ್ಟುಕೊಂಡರು. ಭಾನುವಾರ ನಾನು ಬಸ್ಸು ಹತ್ತಿ ಹೋದರೆ, ಬಾಗಿಲು ತೆಗೆದವರೇ ಫ್ರಿಜ್ಜಿನಲ್ಲಿದ್ದ ಪಾತ್ರೆಗಳನ್ನು ಒಂದೊಂದಾಗಿ ಮೇಜಿನ ಮೇಲಿಡುತ್ತಿದ್ದರು.

“ಅದಕ್ಕೆ ಹಾಲು ಮಾತ್ರ ಗೊತ್ತು ಕಣೆ. ಉಳಿದದ್ದಕ್ಕೆ ನೀನೇ ಬರಬೇಕು.”

ಕೆಲಸ ಹೆಚ್ಚಿದಂತೆ ಎಲ್ಲಾ ಭಾನುವಾರವೂ ಹೋಗಲಾಗುತ್ತಿರಲಿಲ್ಲ. ಹೋದ ವರ್ಷ ಮೇಡಂ ಹೃದಯಾಘಾತದಿಂದ ತೀರಿಕೊಂಡರು.

ಈಗಲೂ ಸ್ಟಾಫ್ ರೂಮಿನಲ್ಲಿ ಡಬ್ಬಿ ತೆರೆದಾಗ ಮೊದಲು ಮೂಸುತ್ತೇನೆ. “ಚೆನ್ನಾಗಿದೆ ಮೇಡಂ” ಎಂದು ಬಾಯಿಗೆ ಬಂದುಬಿಡುತ್ತದೆ. ಪಕ್ಕದವರು, “ಯಾರಿಗೆ ಹೇಳ್ತಿದೀರಿ?” ಎಂದು ಕೇಳುತ್ತಾರೆ. ನಾನು ತಲೆ ತಗ್ಗಿಸಿ ಊಟ ಶುರುಮಾಡುತ್ತೇನೆ.